ಎಲೆಕ್ಷನ್ ಟೈಮಲ್ಲಿ ಬರೋ ರೆಕಾರ್ಡೆಡ್ ವಾಯ್ಸ್ ಕಾಲ್‌ಗೆ ಪಾರ್ಟಿಗಳು ಪರ್ಮಿಷನ್ ತಗೋಬೇಕಾ?

ಹೌದು, ತಗೊಳ್ಳೇಬೇಕು. ಟಿವಿ, ರೇಡಿಯೋ ಜಾಹೀರಾತಿನ ಹಾಗೇನೇ ಬಲ್ಕ್ ಎಸ್ಸೆಮ್ಮೆಸ್, ವಾಯ್ಸ್ ಮೆಸೇಜ್ ಎಲ್ಲಾನೂ ಚುನಾವಣಾ ಆಯೋಗ ಪ್ರೀ-ಸರ್ಟಿಫಿಕೇಷನ್, ಅಂದ್ರೆ ಪ್ರಸಾರಕ್ಕೆ ಮುಂಚೆನೇ ಪ್ರಮಾಣಪತ್ರ ತಗೊಳ್ಳೋ ನಿಯಮದ ಅಡಿ ತಂದಿದೆ. ಇದಕ್ಕೆಲ್ಲ ಮೂಲ 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ.

ಕ್ಯಾಂಡಿಡೇಟ್ ಆದ್ರೆ ಜಿಲ್ಲೆಯ ಎಂಸಿಎಂಸಿ ಅಂದ್ರೆ ಮಾಧ್ಯಮ ಪ್ರಮಾಣೀಕರಣ ಸಮಿತಿಗೆ ಅರ್ಜಿ ಹಾಕ್ಬೇಕು, ಆಡಿಯೋ ಜೊತೆ ಅದರಲ್ಲಿ ಏನು ಮಾತಾಡಿದಾರೆ ಅನ್ನೋದನ್ನ ಬರೆದು ದೃಢೀಕರಿಸಿ ಕೊಡ್ಬೇಕು, ಖರ್ಚೂ ತೋರಿಸ್ಬೇಕು. ನೋಂದಾಯಿತ ಪಾರ್ಟಿ, ಅಭ್ಯರ್ಥಿಗಳು ಪ್ರಸಾರಕ್ಕೆ 3 ದಿನ ಮುಂಚೆ, ಬೇರೆಯವರು 7 ದಿನ ಮುಂಚೆ ಅರ್ಜಿ ಕೊಡ್ಬೇಕು.

ಜನ ಗಮನಿಸದೇ ಇರೋದು ದುಡ್ಡಿನ ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ಕ್ಯಾಂಡಿಡೇಟ್ ಪರವಾಗಿ ಮಾಡಿದ ಕಾಲ್‌ಗಳ ಖರ್ಚು ಅವರ ಚುನಾವಣಾ ಲೆಕ್ಕಕ್ಕೆ ಸೇರುತ್ತೆ, ಕರ್ನಾಟಕದಲ್ಲಿ ವಿಧಾನಸಭೆಗೆ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಅಭಿಮಾನಿ ಅಂತ ಹೇಳ್ಕೊಂಡು ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ದೆ ಪ್ರಚಾರಕ್ಕೆ ದುಡ್ಡು ಸುರಿಯೋದೂ ಅಪರಾಧಾನೇ.

ಮತದಾನ ಮುಗಿಯೋಕೆ ಮುಂಚಿನ 48 ಗಂಟೆ ರಾಜಕೀಯ ಬಲ್ಕ್ ಎಸ್ಸೆಮ್ಮೆಸ್ ಕಳಿಸೋ ಹಾಗಿಲ್ಲ. ಅನುಮಾನದ ಕಾಲ್ ಬಂದ್ರೆ ನಂಬರ್, ಟೈಮ್ ಬರೆದಿಟ್ಕೊಳ್ಳಿ, ಸಾಧ್ಯವಾದ್ರೆ ರೆಕಾರ್ಡ್ ಮಾಡಿ, ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ತಿಳಿಸಿ.