ಎಲೆ ಲೆಕ್ಕ, ಬೆಳಕಿನ ಲೆಕ್ಕ
ಮದುವೆ ಖರ್ಚು ಮತ್ತು ಫೋಟೊ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳ ಮದುವೆಗೆ 6 ಲಕ್ಷ ರೂಪಾಯಿ ತೆಗೆದಿಟ್ಟಿದ್ದೇನೆ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಮುಹೂರ್ತ ಎಂದುಕೊಂಡಿದ್ದೇವೆ. ಸುಮಾರು 500 ಜನ ಬರಬಹುದು. ಮಗಳಿಗೆ ಒಳ್ಳೆಯ ಫೋಟೊಗ್ರಾಫರ್ ಬೇಕಂತೆ. ಎಲ್ಲಿ ಕಡಿಮೆ ಮಾಡಲಿ?
— ವಧುವಿನ ತಂದೆ, ತುಮಕೂರು

ಉತ್ತರ: ಕಾರ್ಡು, ತಾಂಬೂಲದ ಚೀಲ, ಬಾಗಿಲ ಹೂವಿನಲ್ಲಿ ಎಳೆದಾಡಿದರೆ ಉಳಿಯುವುದು ಚಿಲ್ಲರೆ. ನಿಮ್ಮ ಹಣ ಹೋಗುವುದು ಎಲೆಗೆ. ಲೆಕ್ಕಕ್ಕೆಂದು ರಾತ್ರಿ ಊಟದ ಎಲೆಗೆ 300, ತಿಂಡಿಗೆ 100, ಮಧ್ಯಾಹ್ನದ ಊಟಕ್ಕೆ 250 ರೂಪಾಯಿ ಹಿಡಿಯೋಣ. ರಾತ್ರಿ 450 ಎಲೆಗೆ 1,35,000, ಬೆಳಗಿನ ತಿಂಡಿ 150 ಜನಕ್ಕೆ 15,000, ಮಧ್ಯಾಹ್ನ 400 ಎಲೆಗೆ 1,00,000. ಒಟ್ಟು ಎರಡೂವರೆ ಲಕ್ಷ. ಬಂದವರಲ್ಲಿ ಬಹಳ ಮಂದಿ ಎರಡೂ ಹೊತ್ತು ಅವರೇ.

ಆರತಕ್ಷತೆಯನ್ನು ಮುಹೂರ್ತದ ದಿನವೇ ಧಾರೆಯ ನಂತರ ಇಟ್ಟುಕೊಳ್ಳಿ. ತಿಂಡಿಗೆ ಅದೇ 15,000. ಮಧ್ಯಾಹ್ನಕ್ಕೆ ಒಂದು ಸಿಹಿ ಹೆಚ್ಚಿಸಿ 270ರಂತೆ 500 ಎಲೆ ಎಂದರೂ 1,35,000. ಅಲ್ಲಿಗೆ 1 ಲಕ್ಷ ಉಳಿಯಿತು. ರಾತ್ರಿಯ ವೇದಿಕೆ ಅಲಂಕಾರ, ದೀಪ, ಜನರೇಟರ್ ಡೀಸೆಲ್ ಇದರಲ್ಲಿ ಸೇರಿಲ್ಲ. ಫೋಟೊದವರಿಗೂ ಒಂದೇ ದಿನದ ಕೆಲಸವಾಗುವುದರಿಂದ ಅವರ ದರವೂ ಇಳಿಯುತ್ತದೆ.

ಇದು ಕೆಡುವುದು ಸಮಯದಲ್ಲಿ. ಲಗ್ನ 10.30ರೊಳಗೆ ಮುಗಿಯುವಂತಿದ್ದರೆ ಮಾತ್ರ ಒಪ್ಪಿಕೊಳ್ಳಿ. ಧಾರೆಸೀರೆಯಿಂದ ಆರತಕ್ಷತೆಯ ಸೀರೆಗೆ, ಜಡೆಯಿಂದ ಬೇರೆ ಕೇಶಾಲಂಕಾರಕ್ಕೆ ಬದಲಾಗಲು ವಧುವಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕೇ ಬೇಕು. ಊಟದ ಹಾಲಿನಲ್ಲಿ 150 ಜನ ಕೂರುವುದಾದರೆ 500 ಜನಕ್ಕೆ ನಾಲ್ಕು ಪಂಕ್ತಿ. ಒಂದೊಂದು ಪಂಕ್ತಿಗೆ ಎಲೆ ತೆಗೆದು ಒರೆಸುವುದೂ ಸೇರಿ 40 ನಿಮಿಷ. ಮೊದಲ ಪಂಕ್ತಿ 11.45ಕ್ಕೆ ಕೂತರೆ ಕೊನೆಯದು ಏಳುವಾಗ ಎರಡೂವರೆ. ಬಡಿಸುವುದು ಒಂದು ಗಂಟೆಗೆ ಶುರುವಾದರೆ ಮೂರೂಮುಕ್ಕಾಲರವರೆಗೂ ಊಟ ನಡೆಯುತ್ತದೆ, ಅಷ್ಟರಲ್ಲಿ ಛತ್ರ ಖಾಲಿ ಮಾಡಿ ಎಂದು ಮ್ಯಾನೇಜರ್ ಬಂದು ನಿಂತಿರುತ್ತಾರೆ.

ಬೀಗರ ಜತೆ ಈ ಮಾತು ನಿಶ್ಚಿತಾರ್ಥದ ದಿನವೇ ಆಗಲಿ. ಕಾರ್ಡು ಅಚ್ಚಾದ ಮೇಲೆ ಎತ್ತಿದರೆ ಜಗಳಕ್ಕೆ ದಾರಿ.

ಪ್ರಶ್ನೆ: ಅಡುಗೆಯವರು ಎಲೆ ಲೆಕ್ಕದಲ್ಲಿ ಮೋಸ ಮಾಡುತ್ತಾರೆ ಎನ್ನುತ್ತಾರೆ. ತಡೆಯುವುದು ಹೇಗೆ?
— ಓದುಗರು, ಹಾಸನ

ಉತ್ತರ: ಮೋಸಕ್ಕಿಂತ ಗೊಂದಲವೇ ಹೆಚ್ಚು. ಹರಿದ ಎಲೆ, ಜೋಡಿಸಿ ಹಾಕಿದ ಎಲೆ, ಹಾಸಿದ್ದರೂ ಯಾರೂ ಕೂರದ ಎಲೆ, ಓಲಗದವರ ಮತ್ತು ಅಲಂಕಾರದ ಹುಡುಗರ ಎಲೆ ಎಲ್ಲವೂ ಎಣಿಕೆಗೆ ಸೇರಿಬಿಡುತ್ತವೆ. ಎಲೆ ಎಣಿಸದೆ ತಲೆ ಎಣಿಸಿ. ಪ್ರತಿ ಪಂಕ್ತಿಗೂ ಸಾಲುಗಳ ಸಂಖ್ಯೆ, ಒಂದು ಸಾಲಿನ ಕುರ್ಚಿಗಳು, ಅದರಲ್ಲಿ ಖಾಲಿ ಉಳಿದವು, ಇಷ್ಟನ್ನು ಪುಸ್ತಕದಲ್ಲಿ ಬರೆದು ಆಗಲೇ ಎರಡೂ ಕಡೆಯವರು ಸಹಿ ಹಾಕಬೇಕು. ಈ ಕೆಲಸಕ್ಕೆ ವೇದಿಕೆ ಮೇಲೆ ಕರೆ ಬಾರದಂಥ ದೂರದ ಸಂಬಂಧಿಕರನ್ನು ಹಿಡಿಯಿರಿ. ಸೋದರಮಾವನಿಗೆ ಒಪ್ಪಿಸಿದರೆ ಎರಡನೇ ಪಂಕ್ತಿಯ ಹೊತ್ತಿಗೆ ಅವರು ಶಾಸ್ತ್ರಕ್ಕೆ ಬೇಕಾಗುತ್ತಾರೆ.

ಜನ ಬರಲಿ ಬಿಡಲಿ ದುಡ್ಡು ಕೊಡಲೇಬೇಕಾದ ‘ಗ್ಯಾರಂಟಿ ಎಲೆ’ಯನ್ನು ನಿರೀಕ್ಷೆಯ ಶೇ 80ಕ್ಕೆ ಒಪ್ಪಿಸಿ. ಅದಕ್ಕೂ ಮೇಲೆ ಎಷ್ಟು ಜನ ಉಂಡರೋ ಅಷ್ಟಕ್ಕೆ ದುಡ್ಡು. ಅದೇ ದರಕ್ಕೆ ಹೆಚ್ಚುವರಿ ಎಷ್ಟು ಎಲೆಯವರೆಗೆ ಬಡಿಸುತ್ತಾರೆ ಎಂಬುದೂ ಕಾಗದದಲ್ಲಿರಲಿ.

ಪ್ರಶ್ನೆ: ಛತ್ರದ ಬಾಡಿಗೆ ಕೇಳಿದ್ದು ಒಂದು, ಕೊನೆಗೆ ಕಟ್ಟಿದ್ದು ಇನ್ನೊಂದು ಎಂದು ಎಲ್ಲರೂ ದೂರುತ್ತಾರೆ. ಏನೇನು ಕೇಳಬೇಕು?
— ಓದುಗರು, ದಾವಣಗೆರೆ

ಉತ್ತರ: ಬಾಡಿಗೆಯಲ್ಲಿ ಶೇ 18ರ ಜಿಎಸ್‌ಟಿ ಸೇರಿದೆಯೇ? ಕರೆಂಟಿಗೆ ಮೀಟರ್ ಲೆಕ್ಕವೇ, ಯೂನಿಟ್ಟಿಗೆ ಎಷ್ಟು? ಜನರೇಟರ್ ಗಂಟೆಗೆ ಎಷ್ಟು? ಸ್ವಚ್ಛತೆ, ಪಾತ್ರೆ, ಗ್ಯಾಸ್, ನೀರಿನ ಟ್ಯಾಂಕರ್ ಯಾರ ಲೆಕ್ಕ? ಹೊರಗಿನ ಅಡುಗೆಯವರನ್ನು, ಹೂವಿನವರನ್ನು ತಂದರೆ ‘ರಾಯಲ್ಟಿ’ ಕೇಳುತ್ತೀರಾ? ಮುಂಗಡ ಠೇವಣಿ ಯಾವಾಗ ವಾಪಸು? ಬೀಗ ಕೈಗೆ ಬಂದಾಗ ಮತ್ತು ವಾಪಸು ಕೊಡುವಾಗ ಮೀಟರ್ ಓದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಅಕ್ಕನ ಮದುವೆಯಲ್ಲಿ ಅಂತರಪಟ ಸರಿಯುವ ಫೋಟೊ ಮಸುಕಾಗಿದೆ, ತಾಳಿ ಕಟ್ಟುವ ಫೋಟೊದಲ್ಲಿ ನೆಂಟರ ಮೊಬೈಲುಗಳೇ ಕಾಣುತ್ತವೆ. ನನ್ನ ಮದುವೆಯಲ್ಲಿ ಹೀಗಾಗಬಾರದು.
— ಮದುಮಗಳು, ಶಿವಮೊಗ್ಗ

ಉತ್ತರ: ಇಡೀ ಮದುವೆಯಲ್ಲಿ ಯಾರೂ ‘ಪೋಸ್ ಕೊಡಿ’ ಎನ್ನದೆಯೇ ಪ್ರೀತಿ ಮುಖಕ್ಕೆ ಬರುವ ಗಳಿಗೆ ಅಂತರಪಟದ್ದು. ಕಣ್ಣು ಕಣ್ಣು ಕೂಡುತ್ತದೆ, ಜೀರಿಗೆ ಬೆಲ್ಲ ತಲೆಗೆ ಬೀಳುತ್ತದೆ, ಇಬ್ಬರೂ ನಗುತ್ತಾರೆ. ಎಲ್ಲವೂ ಎರಡು ಮೂರು ಸೆಕೆಂಡಿನಲ್ಲಿ. ಮಸುಕಾಗಲು ಮುಖ್ಯ ಕಾರಣ ಕ್ಯಾಮೆರಾ ಬಟ್ಟೆಯ ಮೇಲೆ ಫೋಕಸ್ ಹಿಡಿದಿರುವುದು. ಪಟ ಸರಿದ ಮೇಲೆ ಹಿಂದಿನ ಮುಖವನ್ನು ಅದು ಹುಡುಕುವಷ್ಟರಲ್ಲಿ ನಗು ಮುಗಿದಿರುತ್ತದೆ. ಫೋಟೊಗ್ರಾಫರ್ ವರನ ಭುಜದ ಹಿಂದೆ, ಬದಿಯಿಂದ ವಧುವಿನ ಕಣ್ಣು ಕಾಣುವಲ್ಲಿ ನಿಂತು ಮೊದಲೇ ಆ ಕಣ್ಣಿಗೆ ಫೋಕಸ್ ಕಟ್ಟಿಟ್ಟಿರಬೇಕು. ಎರಡನೆಯವರು ಎದುರು ಬದಿಯಿಂದ ವರನ ಮುಖಕ್ಕೆ. ಒಬ್ಬರೇ ಇದ್ದರೆ ಯಾರ ಮುಖ ಬೇಕೆಂದು ನೀವೇ ಮುಂಚೆ ಹೇಳಿಬಿಡಿ.

ಇನ್ನೊಂದು ತೊಡಕು ಪಟದ ಬಿಳುಪು. ಚೌಕಟ್ಟಿನ ಅರ್ಧ ಬಿಳಿ ಬಟ್ಟೆಯೇ ಇದ್ದರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಿಳಿದು ಚಿತ್ರವನ್ನು ಕಪ್ಪಾಗಿಸುತ್ತದೆ. ಆದ್ದರಿಂದ ಎಕ್ಸ್‌ಪೋಶರ್ ಮ್ಯಾನ್ಯುಯಲ್ ಆಗಿರಲಿ, ಅಂದರೆ ಬೆಳಕಿನ ಪ್ರಮಾಣವನ್ನು ಕ್ಯಾಮೆರಾಗೆ ಬಿಡದೆ ಕೈಯಿಂದಲೇ ಹೊಂದಿಸಿರಲಿ, ಮುಖಕ್ಕೆ ಅಳೆದದ್ದಾಗಿರಲಿ. ಛತ್ರದ ಒಳಗೆ ಲೆನ್ಸಿನ ತೆರಪು ಎಫ್ 2.8, ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/250 ಭಾಗ, ಬೆಳಕು ಹಿಡಿಯುವ ಸೂಕ್ಷ್ಮತೆ ಐಎಸ್ಒ 1600ರಿಂದ 3200 ಎಂಬಲ್ಲಿಂದ ಶುರು ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಫ್ಲಾಶ್ ಇಲ್ಲದೆ ಅಕ್ಷತೆಯ ಕಾಳು ಗಾಳಿಯಲ್ಲಿ ನಿಂತಂತೆ ಕಾಣಬೇಕಿದ್ದರೆ 1/500 ಬೇಕು. 1/60ಕ್ಕೆ ತೆಗೆದರೆ ಕಾಳುಗಳು ಗೆರೆಗಳಾಗುತ್ತವೆ.

ತಾಳಿ ಕಟ್ಟುವಾಗ ವರನ ಮೊಣಕೈ ವಧುವಿನ ಮುಖವನ್ನು ಮುಚ್ಚುತ್ತದೆ. ಇದಕ್ಕೆ ಲೆನ್ಸಿನಲ್ಲಿ ಮದ್ದಿಲ್ಲ. ಕೈ ಕೊರಳ ಹಿಂದೆ ಹೋದಾಗ ಮೊಣಕೈ ಇಳಿಸಿರಲು ವರನಿಗೆ ಮುಂಚೆಯೇ ಹೇಳಿಕೊಡಿ. ಫೋಟೊಗ್ರಾಫರ್‌ಗೆ ಒಂದಡಿ ಎತ್ತರದ ಸ್ಟೂಲು ಕೊಡಿ. ಗಟ್ಟಿಮೇಳಕ್ಕೆ ಎಲ್ಲರೂ ಎದ್ದು ನುಗ್ಗುತ್ತಾರೆ, ಆದ್ದರಿಂದ ಮಂಟಪದ ಮುಂದೆ ನಾಲ್ಕಡಿ ಜಾಗ ಬಿಟ್ಟು ಮೊದಲ ಸಾಲಿನ ಕುರ್ಚಿಗಳನ್ನು ಒಂದಕ್ಕೊಂದು ಕಟ್ಟಿಸಿ, ಅಲ್ಲಿ ಮನೆಯ ಹಿರಿಯರನ್ನು ಕೂರಿಸಿ. ಅಜ್ಜಿಯನ್ನು ದಾಟಿ ಮೊಬೈಲ್ ಹಿಡಿದು ಬರುವವರು ಕಡಿಮೆ. ‘ಅಕ್ಷತೆಯ ನಂತರ ಎಲ್ಲರಿಗೂ ಫೋಟೊಗೆ ಅವಕಾಶವಿದೆ’ ಎಂದು ಪುರೋಹಿತರ ಬಾಯಲ್ಲೇ ಮೈಕಿನಲ್ಲಿ ಹೇಳಿಸಿ. ಅವರ ಮಾತು ನಡೆಯುತ್ತದೆ.

ಹೋಮಕ್ಕೆ ಬಂದಾಗ ನೇರ ಫ್ಲಾಶ್ ಬೇಡ. ಅದು ಹೊಗೆಯನ್ನೇ ಬೆಳಗಿಸಿ ಮುಖದ ಮುಂದೆ ಬೂದು ತೆರೆ ಎಳೆಯುತ್ತದೆ. ಲಾಜಾಹೋಮದಲ್ಲಿ ಉರಿಯ ಬೆಳಕೇ ಮುಖಕ್ಕೆ ಬೀಳುತ್ತದೆ, ವಿಡಿಯೊದವರ ದೊಡ್ಡ ಲೈಟನ್ನು ಆ ಎರಡು ನಿಮಿಷ ಆರಿಸಲು ಹೇಳಿದರೆ ಸಾಕು. ವಿಡಿಯೊದವರು ಗೊಣಗುತ್ತಾರೆ, ಗೊಣಗಲಿ.

ಪ್ರಶ್ನೆ: ಆರತಕ್ಷತೆ ಫೋಟೊಗಳಲ್ಲಿ ಎಲ್ಲರ ಮುಖ ನೇರಳೆ, ಹಿಂದಿನ ಎಲ್‌ಇಡಿ ಪರದೆಯಲ್ಲಿ ಪಟ್ಟೆ ಪಟ್ಟೆ. ಫೋಟೊಗ್ರಾಫರ್ ತಪ್ಪೇ?
— ಓದುಗರು, ಮೈಸೂರು

ಉತ್ತರ: ಅರ್ಧ ತಪ್ಪು ದೀಪದವರದು. ಬಣ್ಣದ ದೀಪ ಹಿನ್ನೆಲೆಗೆ ಮಾತ್ರ ಬೀಳಲಿ, ಮುಖಕ್ಕೆ ಒಂದೇ ಬಗೆಯ ಬಿಳಿ ಬೆಳಕು ಎರಡೂ ಬದಿಯಿಂದ ಬರಲಿ ಎಂದು ಮೊದಲೇ ಹೇಳಬೇಕು. ಮುಖದ ನೇರಳೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯಲು ಹೋದರೆ ಸೀರೆಯ ಬಣ್ಣ ಕೆಡುತ್ತದೆ. ಪಟ್ಟೆ ಬರುವುದು ಮಿನುಗಿನಿಂದ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ದೀಪದ ಪಟ್ಟೆ ಹೋಗುತ್ತದೆ. ಎಲ್‌ಇಡಿ ಪರದೆಯ ಮಿನುಗು ಬೇರೆ ವೇಗದ್ದು, ಅಲ್ಲಿ ಪರೀಕ್ಷಿಸಿಯೇ ನೋಡಬೇಕು. ಪರದೆಯ ಪ್ರಖರತೆಯನ್ನು ಅರ್ಧಕ್ಕಿಳಿಸಿ, ಜೋಡಿಯನ್ನು ಅದರಿಂದ ಆರಡಿ ಮುಂದೆ ನಿಲ್ಲಿಸಿ. ಪರದೆ ಬೇಕೇ ಎಂಬುದನ್ನೂ ಯೋಚಿಸಿ. ಒಂದೇ ಬಣ್ಣದ ಬಟ್ಟೆ, ಅದರ ಮೇಲೆ ಇಳಿಬಿಟ್ಟ ಸುಗಂಧರಾಜದ ಸರ ಅಗ್ಗ, ಫೋಟೊದಲ್ಲೂ ಚೆಂದ. ಮಲ್ಲಿಗೆಯಲ್ಲೇ ಆಗಬೇಕೆಂಬ ಹಟ ಚಳಿಗಾಲದಲ್ಲಿ ಬೇಡ, ಆಗ ಇಳುವರಿ ಕಡಿಮೆ, ಬೆಲೆ ವಿಪರೀತ.

ಪ್ರಶ್ನೆ: ಪ್ರೀ ವೆಡ್ಡಿಂಗ್ ಶೂಟ್‌ಗೆ ಹಣವಿಲ್ಲ. ಆದರೂ ನಮ್ಮಿಬ್ಬರದೇ ಒಂದಿಷ್ಟು ಒಳ್ಳೆಯ ಚಿತ್ರಗಳು ಬೇಕು.
— ಮದುಮಗ, ಚಿಕ್ಕಮಗಳೂರು

ಉತ್ತರ: ಮದುವೆ ದಿನವೇ 20 ನಿಮಿಷ ಕದಿಯಿರಿ. ಊಟವಾದ ಮೇಲೆ, ನಾಲ್ಕೂವರೆಯ ನಂತರ, ಬಿಸಿಲು ಓರೆಯಾದಾಗ. ಈ 20 ನಿಮಿಷವನ್ನು ವೇಳಾಪಟ್ಟಿಯಲ್ಲಿ ಬರೆದಿಡದಿದ್ದರೆ ಸಿಗುವುದಿಲ್ಲ, ಹೆಣ್ಣೊಪ್ಪಿಸುವ ಗಡಿಬಿಡಿಯಲ್ಲಿ ಕರಗಿಹೋಗುತ್ತದೆ.

ಹೊರಗೆ ಜಾಗವಿಲ್ಲದಿದ್ದರೆ ಛತ್ರದ ಕೋಣೆಯ ಕಿಟಕಿ ಸಾಕು. ಟ್ಯೂಬ್‌ಲೈಟ್ ಆರಿಸಿ, ಇಲ್ಲವಾದರೆ ಚರ್ಮ ಹಸಿರಾಗುತ್ತದೆ. ಕಿಟಕಿಯಿಂದ ಮೂರಡಿ ದೂರದಲ್ಲಿ ಓರೆಯಾಗಿ ನಿಂತು, ಮಂಚದ ಮೇಲಿನ ಚೀಲ, ಇಸ್ತ್ರಿಪೆಟ್ಟಿಗೆಗಳನ್ನು ಚೌಕಟ್ಟಿನಿಂದ ಆಚೆ ತಳ್ಳಿ. ಕೈಗೆ ಕೆಲಸ ಕೊಡಿ: ಅವರ ಜಡೆಯಲ್ಲಿ ಸಿಕ್ಕಿಕೊಂಡ ಅಕ್ಷತೆ ಬಿಡಿಸಿ, ಅವರು ನಿಮ್ಮ ಶಲ್ಯ ಸರಿಮಾಡಲಿ, ಕಾಲುಂಗುರ ಬಿಗಿಯಾಗಿದೆಯೇ ಎಂದು ಕೇಳಿ. ಕ್ಯಾಮೆರಾ ನೋಡಿ ನಗಿ ಎಂದರೆ ಹಲ್ಲು ಬರುತ್ತದೆ, ನಗು ಬರುವುದಿಲ್ಲ.

ಬೇರೆ ದಿನವೇ ಆಗಬೇಕೆಂದರೆ ಆಷಾಢದಲ್ಲಿ ಅಥವಾ ಧನುರ್ಮಾಸದಲ್ಲಿ ಕೇಳಿ. ಮದುವೆಗಳಿಲ್ಲದ ಕಾಲ, ಫೋಟೊಗ್ರಾಫರ್ ಚೌಕಾಸಿಗೆ ಬಗ್ಗುತ್ತಾರೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್, ಲೈಟು ಹಚ್ಚಿ ತೆಗೆಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಇಲ್ಲದೆ ಹೋದರೆ ಕಾವಲುಗಾರರು ಬಾಗಿಲಿನಿಂದಲೇ ವಾಪಸು ಕಳಿಸುತ್ತಾರೆ.

ಪ್ರಶ್ನೆ: ಫೋಟೊಗ್ರಾಫರ್ ಜತೆ ಒಪ್ಪಂದದಲ್ಲಿ ಏನಿರಬೇಕು? ಚಿತ್ರಗಳ ಹಕ್ಕು ಯಾರದು?
— ಓದುಗರು, ಬೆಂಗಳೂರು

ಉತ್ತರ: 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ, ಒಪ್ಪಂದದಲ್ಲಿ ಬೇರೆ ಬರೆದಿರದಿದ್ದರೆ. ಆ ‘ಬೇರೆ’ ಸಣ್ಣಕ್ಷರದಲ್ಲಿ ಇರುತ್ತದೆ, ಓದಿ. ನಿಮ್ಮ ಚಿತ್ರಗಳು ಅವರ ಇನ್‌ಸ್ಟಾಗ್ರಾಮಿಗೆ ಹೋಗುವುದು ಬೇಡವಾದರೆ ಅದನ್ನೂ ಬರೆಸಿ. ಬರುವವರು ಯಾರು, ಎಷ್ಟು ಕ್ಯಾಮೆರಾ, ಎಷ್ಟು ಗಂಟೆ, ಏಕಕಾಲಕ್ಕೆ ಎರಡು ಮೆಮೊರಿ ಕಾರ್ಡಿನಲ್ಲಿ ದಾಖಲಾಗುತ್ತದೆಯೇ ಎಂದು ಕೇಳಿ. ಹಣವನ್ನು ಮುಂಗಡ 40, ಮದುವೆ ದಿನ 40, ಆಲ್ಬಮ್ ಕೈಗೆ ಬಂದಾಗ ಶೇ 20 ಎಂದು ಒಡೆಯಿರಿ. ಆಲ್ಬಮ್ ತಡವಾಗುವುದು ಬಹುಪಾಲು ನಿಮ್ಮಿಂದಲೇ. 40 ಹಾಳೆ ಎಂದರೆ 80 ಪುಟ, ಪುಟಕ್ಕೆ ಮೂರರಂತೆ 240 ಚಿತ್ರ. ಸಾವಿರಾರು ಚಿತ್ರಗಳಲ್ಲಿ ಅಷ್ಟನ್ನು ಆರಿಸಲು ಇಡೀ ಮನೆ ಕೂತರೆ ವರ್ಷ ಕಳೆಯುತ್ತದೆ. ಇಬ್ಬರೇ ಕೂತು ಆರಿಸಿ.

ಪ್ರಶ್ನೆ: ಮೇಕಪ್ ಕನ್ನಡಿಯಲ್ಲಿ ಚೆನ್ನಾಗಿರುತ್ತದೆ, ಫೋಟೊದಲ್ಲಿ ಮುಖ ಬಿಳಿಚಿಕೊಳ್ಳುತ್ತದೆ. ಏಕೆ?
— ಮದುಮಗಳು, ಉಡುಪಿ

ಉತ್ತರ: ಸಿಲಿಕಾ ಇರುವ ಪೌಡರ್, ಜಿಂಕ್ ಅಥವಾ ಟೈಟಾನಿಯಂ ಇರುವ ಸನ್‌ಸ್ಕ್ರೀನ್ ಫ್ಲಾಶ್ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಟ್ರಯಲ್ ದಿನ ಕತ್ತಲ ಕೋಣೆಯಲ್ಲಿ ಮೊಬೈಲ್ ಫ್ಲಾಶ್ ಹಾಕಿ ಒಂದು ಚಿತ್ರ ತೆಗೆದರೆ ತಿಳಿಯುತ್ತದೆ. ಕೊರಳಿನ ಬಣ್ಣ ಹೊಂದುತ್ತದೆಯೇ ಎಂಬುದನ್ನೂ ಅದೇ ಚಿತ್ರದಲ್ಲಿ ನೋಡಿ.

ಪ್ರಶ್ನೆ: ನಮ್ಮದು ರಿಜಿಸ್ಟರ್ ಮದುವೆ, ಆಮೇಲೆ ಮಂತ್ರಮಾಂಗಲ್ಯ. ಫೋಟೊಗೆ ತಮ್ಮನ ಮೊಬೈಲ್ ಮಾತ್ರ. ಸಾಕೇ?
— ಇಬ್ಬರು ಓದುಗರು, ಧಾರವಾಡ

ಉತ್ತರ: ಸಾಕು. ಕುವೆಂಪು ರೂಪಿಸಿದ ಈ ಸರಳ ವಿವಾಹ ನಿಮಗೆ ಖರ್ಚನ್ನೂ ಗಡಿಬಿಡಿಯನ್ನೂ ಉಳಿಸುತ್ತದೆ. ವಿಶೇಷ ವಿವಾಹ ಕಾಯ್ದೆಯಡಿ ಆಗುವುದಾದರೆ 30 ದಿನದ ನೋಟಿಸ್ ಇದೆ, ಮೂವರು ಸಾಕ್ಷಿಗಳು ಬೇಕು. ದಿನಾಂಕವನ್ನು ಅದಕ್ಕೆ ತಕ್ಕಂತೆ ಹಿಡಿಯಿರಿ. ಕಚೇರಿಯೊಳಗೆ ಸಹಿ ಹಾಕುವ ಚಿತ್ರವೊಂದು ಸಾಕು, ಉಳಿದದ್ದು ಹೊರಗಿನ ಮರದ ನೆರಳಿನಲ್ಲಿ.

ತಮ್ಮನಿಗೆ ಹೇಳಿ: ಹಿಂದಿನ ರಾತ್ರಿಯೇ 20 ಜಿಬಿ ಖಾಲಿ ಮಾಡಿ, ಏರೋಪ್ಲೇನ್ ಮೋಡ್ ಹಾಕಲಿ, ಇಲ್ಲವಾದರೆ ಪ್ರತಿಜ್ಞೆ ಓದುವ ವಿಡಿಯೊದ ನಡುವೆ ಕರೆ ಬರುತ್ತದೆ. ಲೆನ್ಸನ್ನು ಹತ್ತಿಬಟ್ಟೆಯಲ್ಲಿ ಒರೆಸಲಿ. ಬೆರಳಲ್ಲಿ ಹಿಗ್ಗಿಸದೆ ಎರಡು ಹೆಜ್ಜೆ ಮುಂದೆ ಹೋಗಲಿ. ಪರದೆಯಲ್ಲಿ ಮುಖವನ್ನು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಕದಲದೆ ನಿಲ್ಲುತ್ತವೆ. ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಲಿ. ಆ ರಾತ್ರಿಯೇ ಪೆನ್‌ಡ್ರೈವಿಗೆ ಒಂದು ಪ್ರತಿ, ನಿಮ್ಮ ಫೋನಿಗೆ ಒಂದು ಪ್ರತಿ ಹೋಗಲಿ.