ಬಿಡಿಎನ್‌ಎಫ್ ಕೆಲಸ ಮಾಡುತ್ತಿಲ್ಲವೇ? ಮೊದಲು ಟ್ಯೂಬ್ ನೋಡಿ

ಇಲಿಯ ರೀಕಾಂಬಿನೆಂಟ್ (ಲ್ಯಾಬ್‌ನಲ್ಲಿ ತಯಾರಿಸಿದ) ಬಿಡಿಎನ್‌ಎಫ್, ಅಂದರೆ ನರಕೋಶಗಳನ್ನು ಪೋಷಿಸುವ ಪ್ರೋಟೀನಿನ 10 ಮೈಕ್ರೋಗ್ರಾಂ ವಯಲನ್ನು ಬರೀ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್) ಕರಗಿಸಿ 4 ಡಿಗ್ರಿಯಲ್ಲಿಟ್ಟಿದ್ದೀರಿ, ವಾರದ ನಂತರ ನ್ಯೂರಾನ್‌ಗಳಲ್ಲಿ ಟ್ರಕ್‌-ಬಿ (TrkB, ಬಿಡಿಎನ್‌ಎಫ್‌ನ ಗ್ರಾಹಕ) ಫಾಸ್ಫೊರಿಲೇಷನ್, ಅಂದರೆ ಗ್ರಾಹಕ ಚುರುಕಾದ ಗುರುತು, ಕಾಣುತ್ತಿಲ್ಲ ಎಂದಿರಿ. ಪ್ರೋಟೀನ್ ಬಹುಶಃ ಟ್ಯೂಬಿನ ಗೋಡೆಗೆ ಅಂಟಿಕೊಂಡಿದೆ. ಬಿಡಿಎನ್‌ಎಫ್ ಧನಾವೇಶದ್ದು, ತೆಳು ದ್ರಾವಣದಲ್ಲಿ ಪ್ಲಾಸ್ಟಿಕ್ಕಿಗೆ ಬೇಗ ಅಂಟುತ್ತದೆ.

ಹೊಸ ವಯಲನ್ನು ತೆರೆಯುವ ಮುನ್ನ ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ಹಾಕಿ. ಇಲ್ಲದಿದ್ದರೆ ಪುಡಿ ಮುಚ್ಚಳದಲ್ಲೇ ಉಳಿದೀತು. 0.1% ಬಿಎಸ್‌ಎ (ಗೋಡೆಗೆ ಅಂಟುವುದನ್ನು ತಡೆಯುವ ಪ್ರೋಟೀನ್) ಇರುವ ಪಿಬಿಎಸ್ 100 ಮೈಕ್ರೋಲೀಟರ್ ಹಾಕಿ. ಬಫರನ್ನು ಮೊದಲೇ ಫಿಲ್ಟರ್ ಮಾಡಿಡಿ, ಪ್ರೋಟೀನ್ ಬೆರೆತ ಮೇಲೆ ಬೇಡ. ಅರ್ಧ ಫಿಲ್ಟರಿಗೇ ಹೋದೀತು. ವೋರ್ಟೆಕ್ಸ್ (ಜೋರಾಗಿ ಅಲ್ಲಾಡಿಸುವ ಯಂತ್ರ) ಬೇಡ. ಲೋ-ಬೈಂಡ್ (ಪ್ರೋಟೀನ್ ಕಡಿಮೆ ಅಂಟುವ) ಟ್ಯೂಬುಗಳಿಗೆ 5 ಮೈಕ್ರೋಲೀಟರಿನಂತೆ ಹಂಚಿ ಮೈನಸ್ 80ರಲ್ಲಿಡಿ, ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. 2 ಮಿಲಿ ಮೀಡಿಯಾಗೆ 1 ಮೈಕ್ರೋಲೀಟರ್ ಹಾಕಿದರೆ 50 ನ್ಯಾನೋಗ್ರಾಂ/ಮಿಲಿ.

ಬಿಡಿಎನ್‌ಎಫ್ ಹಾಕಿದ 10–15 ನಿಮಿಷಕ್ಕೇ ಲೈಸೇಟನ್ನು (ಕೋಶಗಳನ್ನು ಒಡೆದ ದ್ರಾವಣ) ತೆಗೆಯಿರಿ, ಅದರ ಬಫರಿನಲ್ಲಿ ಫಾಸ್ಫೇಟ್ ಕಳಚಿಹೋಗದಂತೆ ತಡೆಯುವ ಆರ್ಥೊವನಡೇಟ್ ಇರಲಿ. ಮರುದಿನ ನೋಡಿದರೆ ಟ್ರಕ್‌-ಬಿಯ ಪ್ರಮಾಣವೇ ಇಳಿದಿರುತ್ತದೆ.

ಲೇಬಲ್ ಮೇಲೆ ‘ಪ್ರೊ-ಬಿಡಿಎನ್‌ಎಫ್’ (ಬಿಡಿಎನ್‌ಎಫ್‌ನ ಇನ್ನೂ ಪಕ್ವವಾಗದ ರೂಪ) ಎಂದಿದೆಯೇ ನೋಡಿ. ಅದು ಮುಖ್ಯವಾಗಿ ಪಿ75 ಎಂಬ ಬೇರೆ ಗ್ರಾಹಕಕ್ಕೆ ಹೋಗುತ್ತದೆ, ಪರಿಣಾಮವೂ ಉಲ್ಟಾ. ಅಂದ ಹಾಗೆ, ಪಕ್ವ ಬಿಡಿಎನ್‌ಎಫ್‌ನ ಅಮೈನೋ ಆಮ್ಲಗಳ ಸರಣಿ ಮನುಷ್ಯ, ಇಲಿ ಎರಡರಲ್ಲೂ ಒಂದೇ. ‘ಇಲಿಯದೇ ಬೇಕು’ ಎಂದು ಹೆಚ್ಚು ದುಡ್ಡು ಕೊಡಬೇಡಿ.