ಚಾರ್ಮಾಡಿ ಹತ್ತೋಕೆ ಟರ್ಬೊ ಬೇಕೇ ಬೇಕಾ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ಮನೆ ತುಮಕೂರಿನ ಬಟವಾಡಿಯಲ್ಲಿ, ಶಾಲೆ ಗುಬ್ಬಿ ಹತ್ತಿರ. ಹೆಂಡತಿ, ಇಬ್ಬರು ಮಕ್ಕಳು, ಅಮ್ಮ ಸೇರಿ ಮನೆಯಲ್ಲಿ ಐದು ಜನ. ದಿನಾ ಶಾಲೆಗೆ ಕಾರಲ್ಲೇ ಹೋಗುತ್ತೇನೆ. ತಿಂಗಳಿಗೊಮ್ಮೆ ಬೆಂಗಳೂರು, ವರ್ಷಕ್ಕೆ ಒಂದೆರಡು ಸಲ ಧರ್ಮಸ್ಥಳ ಇದ್ದೇ ಇರುತ್ತದೆ. ಈಗ ನೋಡಿರುವ ಕಾರು ಎರಡು ಎಂಜಿನ್‌ನಲ್ಲಿ ಸಿಗುತ್ತದೆ: 1.2 ಲೀಟರ್ ಮಾಮೂಲಿ ಪೆಟ್ರೋಲ್ ಮತ್ತು 1.0 ಲೀಟರ್ ಟರ್ಬೊ. ಶೋರೂಂನವರು ‘ಐದು ಜನ ಅಂದರೆ ಟರ್ಬೊನೇ ತಗೊಳ್ಳಿ ಸಾರ್’ ಅನ್ನುತ್ತಾರೆ. ನನ್ನ ಬಾಮೈದ ‘ಟರ್ಬೊ ಐದು ವರ್ಷಕ್ಕೆ ಕೈಕೊಡುತ್ತೆ ಭಾವ, ಬೇಡ’ ಅನ್ನುತ್ತಾನೆ. ಚಿಕ್ಕ ಎಂಜಿನ್‌ಗೆ ದುಡ್ಡು ಜಾಸ್ತಿ ಯಾಕೆ ಅನ್ನುವುದೂ ನನಗೆ ಅರ್ಥವಾಗಿಲ್ಲ. ಯಾವುದು ತಗೊಳ್ಳಲಿ?

ಉತ್ತರ: ಮೇಷ್ಟ್ರೇ, ನೀವು ಬರೆದಿರುವ ಓಡಾಟಕ್ಕೆ ಮಾಮೂಲಿ 1.2 ಸಾಕು. ಆದರೆ ನನ್ನ ಮಾತು ನಂಬಿ ಬುಕ್ ಮಾಡಬೇಡಿ. ಒಂದು ಪರೀಕ್ಷೆ ಮಾಡಿ ನೋಡಿ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಚಿಕ್ಕ ಎಂಜಿನ್‌ನ ಪ್ರಶ್ನೆ. ಎಂಜಿನ್‌ಗೆ ಶಕ್ತಿ ಬರುವುದು ಬರೀ ಪೆಟ್ರೋಲ್‌ನಿಂದಲ್ಲ. ಪೆಟ್ರೋಲ್ ಉರಿಯಲು ಗಾಳಿ ಬೇಕು. ಮಾಮೂಲಿ ಎಂಜಿನ್ ತನ್ನ ಪಾಡಿಗೆ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟರಲ್ಲೇ ಕೆಲಸ ಮಾಡಬೇಕು. ಟರ್ಬೊದಲ್ಲಿ, ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ, ಕುಲುಮೆಗೆ ತಿದಿ ಒತ್ತಿದ ಹಾಗೆ. ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಉರಿಸಬಹುದು. ಹಾಗಾಗಿ ಒಂದು ಲೀಟರ್ ಎಂಜಿನ್ ತನಗಿಂತ ದೊಡ್ಡ ಎಂಜಿನ್‌ನ ಕೆಲಸ ಮಾಡುತ್ತದೆ. ನೀವು ಜಾಸ್ತಿ ದುಡ್ಡು ಕೊಡುವುದು ಈ ಟರ್ಬೊಗೆ, ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ, ಶಾಖ ಮತ್ತು ಒತ್ತಡ ತಡೆಯುವ ಗಟ್ಟಿ ಭಾಗಗಳಿಗೆ.

ನೀವು ಕಾರಿನ ಹೆಸರು ಬರೆದಿಲ್ಲ. ಉದಾಹರಣೆಗೆ ಮಾರುತಿ ಫ್ರಾಂಕ್ಸ್ ನೋಡೋಣ. ಅದರ 1.2 ಎಂಜಿನ್‌ನ ಶಕ್ತಿ ಸುಮಾರು 90 ಹಾರ್ಸ್‌ಪವರ್, ಟರ್ಬೊದ್ದು ಸುಮಾರು 100. ಹತ್ತೇ ತಾನೇ ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ಹಾರ್ಸ್‌ಪವರ್ ಬಿಟ್ಟು ಟಾರ್ಕ್, ಅಂದರೆ ಎಳೆತ ನೋಡಿ. 1.2ರಲ್ಲಿ 113 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 4,400 ಸುತ್ತು (ಆರ್‌ಪಿಎಂ) ತಿರುಗುವಾಗ. ಟರ್ಬೊದಲ್ಲಿ ಸುಮಾರು 148, ಅದು 2,000ಕ್ಕೇ ಸಿಗುತ್ತದೆ. ಹ್ಯುಂಡೈ ವೆನ್ಯೂನಲ್ಲಿ ಈ ಅಂತರ ಇನ್ನೂ ದೊಡ್ಡದು: 114ರ ಎದುರು 172. ತುಂಬಿದ ಕಾರಲ್ಲಿ ಲಾರಿ ಹಿಂದಿಕ್ಕುವಾಗ ಮಾಮೂಲಿ ಎಂಜಿನ್‌ನಲ್ಲಿ ಎರಡು ಗೇರ್ ಇಳಿಸಿ ಎಂಜಿನ್ ಕೂಗಿಸಬೇಕು. ಟರ್ಬೊದಲ್ಲಿ ಒಂದು ಗೇರ್ ಇಳಿಸಿದರೆ ಆಯಿತು, ಕೆಲವೊಮ್ಮೆ ಅದೂ ಬೇಡ.

ಇದಕ್ಕೆ ನಮ್ಮ ಜಿಲ್ಲೆಗಳವರು ಇನ್ನೊಂದು ಲೆಕ್ಕ ಸೇರಿಸಿಕೊಳ್ಳಬೇಕು. ಶೋರೂಂನಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಹೇಳಬೇಕಿತ್ತು. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಕೋಲಾರ, ಚಿಕ್ಕಬಳ್ಳಾಪುರ ಅದಕ್ಕಿಂತ ಸ್ವಲ್ಪ ಮೇಲೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಪ್ರತಿ 100 ಮೀಟರಿಗೆ ಮಾಮೂಲಿ ಎಂಜಿನ್ ಹೆಚ್ಚುಕಡಿಮೆ ಶೇ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಬ್ರೋಷರಿನಲ್ಲಿ 90 ಇದ್ದದ್ದು ನಿಮ್ಮೂರಿನಲ್ಲಿ 83ರ ಆಸುಪಾಸು. ಟರ್ಬೊ ಮಾತ್ರ ಇನ್ನಷ್ಟು ಜೋರಾಗಿ ತಿರುಗಿ ಈ ಕೊರತೆಯನ್ನು ಬಹುಪಾಲು ತುಂಬಿಕೊಡುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಟರ್ಬೊ ಮೇಲೆ ಅಷ್ಟೊಂದು ಕೆಲಸ ನಡೆದದ್ದೂ ಇದೇ ಕಾರಣಕ್ಕೆ. ಮೇಲೆ ಹೋದ ವಿಮಾನದ ಎಂಜಿನ್ ಸೊರಗುತ್ತಿತ್ತು. 1918ರಲ್ಲಿ ಅಮೆರಿಕದ ಎಂಜಿನಿಯರ್ ಸ್ಯಾನ್‌ಫರ್ಡ್ ಮಾಸ್ ವಿಮಾನದ ಎಂಜಿನ್ ಒಂದನ್ನು ಸುಮಾರು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಹೊತ್ತು ತಂದು, ಟರ್ಬೊ ಹಾಕಿ ಪರೀಕ್ಷೆ ಮಾಡಿದ್ದರು.

ಇಷ್ಟೆಲ್ಲ ಹೊಗಳಿ ನಿಮಗೆ 1.2 ಸಾಕು ಅಂದಿದ್ದು ಯಾಕೆ? ನಿಮ್ಮ ಓಡಾಟದ ಹೆಚ್ಚಿನ ಪಾಲು ಬಟವಾಡಿಯಿಂದ ಗುಬ್ಬಿಗೆ. ಸಮತಟ್ಟು ರಸ್ತೆ, ಕಾರಲ್ಲಿ ನೀವೊಬ್ಬರೇ. ಅಲ್ಲಿ ಟರ್ಬೊ ಇದ್ದರೂ ಅದಕ್ಕೆ ಕೆಲಸ ಕಮ್ಮಿ. ಬೆಂಗಳೂರು ರಸ್ತೆ ದಾಬಸ್‌ಪೇಟೆ, ನೆಲಮಂಗಲದ ತನಕ ಅಗಲವಾಗಿದೆ, ಹಿಂದಿಕ್ಕಲು ಎದುರು ಗಾಡಿ ನೋಡಿ ಕಾಯಬೇಕಿಲ್ಲ. ಆಮೇಲೆ ಎಂಟನೇ ಮೈಲಿ, ಗೊರಗುಂಟೆಪಾಳ್ಯ. ಆ ಜಾಮ್‌ನಲ್ಲಿ ಯಾವ ಎಂಜಿನ್ ಆದರೂ ಒಂದೇ. ಹೇಳಬೇಕೆಂದರೆ ಅಲ್ಲಿ ಮಾಮೂಲಿ ಎಂಜಿನ್ನೇ ಮೆತ್ತಗೆ ಹೋಗುತ್ತದೆ. ಟರ್ಬೊ ಚಕ್ರ ವೇಗ ಹಿಡಿಯುವ ತನಕ, ಅಂದರೆ 1,500–1,800 ಆರ್‌ಪಿಎಂ ಕೆಳಗೆ, ಈ ಒಂದು ಲೀಟರ್ ಎಂಜಿನ್‌ಗಳು ಸ್ವಲ್ಪ ಸುಸ್ತು. ಆಮೇಲೆ ಒಮ್ಮೆಲೇ ಮುನ್ನುಗ್ಗುತ್ತವೆ. ಕ್ಲಚ್ ಮೇಲೆ ಕಾಲಿಟ್ಟು ತೆವಳುವ ಜಾಗದಲ್ಲಿ ಅದು ಕಿರಿಕಿರಿ.

ಉಳಿದದ್ದು ಧರ್ಮಸ್ಥಳ. ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಇಳಿಯುತ್ತೀರಿ. ಬಯಲುಸೀಮೆಯವರಿಗೆ ಹೋಗುವಾಗ ಘಾಟಿ ಇಳಿಜಾರು. ಎಂಜಿನ್‌ಗೆ ಕೆಲಸ ಬೀಳುವುದು ವಾಪಸ್ ಬರುವಾಗ, ಕೊಟ್ಟಿಗೆಹಾರದ ತನಕ. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಬೇರೆ. 1.2 ಎಂಜಿನ್ ಅಲ್ಲಿ ಎರಡನೇ ಗೇರಲ್ಲಿ ಸದ್ದು ಮಾಡುತ್ತಾ ಹತ್ತುತ್ತದೆ, ತಿರುವಿನಲ್ಲಿ ಆಗಾಗ ಒಂದನೇ ಗೇರ್ ಕೇಳುತ್ತದೆ. ಆದರೆ ಹತ್ತುತ್ತದೆ. ವರ್ಷಕ್ಕೆ ಎರಡು ಸಲದ ಆ ಸದ್ದಿಗಾಗಿ ಅಷ್ಟು ದುಡ್ಡು ಕೊಡಬೇಕಾ ಅನ್ನುವುದು ನಿಜವಾದ ಪ್ರಶ್ನೆ. ತಿಂಗಳಿಗೆ ಎರಡು ಸಲ ಘಾಟಿ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಟರ್ಬೊ ಅನ್ನುತ್ತಿದ್ದೆ.

ದುಡ್ಡಿನ ಲೆಕ್ಕವನ್ನು ಎಕ್ಸ್‌ಶೋರೂಂ ಬೆಲೆಯಲ್ಲಿ ಮಾಡಬೇಡಿ. 2025ರ ಸೆಪ್ಟೆಂಬರ್ 22ರಿಂದ, 1,200 ಸಿಸಿ ಮೀರದ, ನಾಲ್ಕು ಮೀಟರ್ ಒಳಗಿನ ಪೆಟ್ರೋಲ್ ಕಾರುಗಳಿಗೆ ಜಿಎಸ್‌ಟಿ ಶೇ 18. ಅದರಲ್ಲಿ ಎರಡೂ ಎಂಜಿನ್ ಒಂದೇ. ಹೊಡೆತ ಬೀಳುವುದು ನಮ್ಮ ರಾಜ್ಯದ ಜೀವಿತಾವಧಿ ತೆರಿಗೆಯಲ್ಲಿ. 5ರಿಂದ 10 ಲಕ್ಷದ ಕಾರಿಗೆ ಶೇ 14, 10 ಲಕ್ಷ ದಾಟಿದರೆ ಶೇ 17. 9.80 ಲಕ್ಷದ ಮಾಮೂಲಿ ಕಾರಿಗೆ ತೆರಿಗೆ 1,37,200 ರೂಪಾಯಿ ಆಗುತ್ತದೆ. 10.80 ಲಕ್ಷದ ಟರ್ಬೊಗೆ 1,83,600. ತೆರಿಗೆಯಲ್ಲೇ 46,400 ಜಾಸ್ತಿ. ಅದರ ಮೇಲೆ ಸೆಸ್, ಇನ್ಶೂರೆನ್ಸ್ ಬೇರೆ. ಒಂದು ಲಕ್ಷದ ಅಂತರ ಆನ್‌ರೋಡ್ ಹೊತ್ತಿಗೆ ಒಂದೂವರೆ ಲಕ್ಷ. ನಿಮ್ಮ ಕಾರು ಈ 10 ಲಕ್ಷದ ಗೆರೆಯ ಯಾವ ಕಡೆ ಇದೆ ಅಂತ ತಪ್ಪದೆ ನೋಡಿ.

ಮೈಲೇಜ್ ವಿಷಯದಲ್ಲಿ ಕಂಪನಿಯ ಅಂಕಿ ನೋಡಿದರೆ ವ್ಯತ್ಯಾಸವೇ ಇಲ್ಲ ಅನ್ನಿಸುತ್ತದೆ. ಮ್ಯಾನುಯಲ್ ಗೇರಿನ ಫ್ರಾಂಕ್ಸ್‌ನಲ್ಲಿ 1.2ಕ್ಕೆ ಲೀಟರಿಗೆ 21.79 ಕಿಲೋಮೀಟರ್, ಟರ್ಬೊಗೆ 21.5. ಅದು ಪರೀಕ್ಷೆಯ ನಿಧಾನ ಓಟದ ಅಂಕಿ. ರಸ್ತೆಯಲ್ಲಿ ಟರ್ಬೊದ ಪಿಕಪ್ ಬಳಸಿಕೊಂಡಷ್ಟೂ ಅದು ಕುಡಿಯುತ್ತದೆ, ಯಾಕೆಂದರೆ ಒತ್ತಿ ತುಂಬಿದ ಗಾಳಿಗೆ ತಕ್ಕ ಪೆಟ್ರೋಲ್ ಬೇಕು. 1.2 ನಿಮಗೆ 17 ಕೊಟ್ಟು ಟರ್ಬೊ 15 ಕೊಟ್ಟಿತು ಅಂತಿಟ್ಟುಕೊಳ್ಳಿ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸಿದರೆ 94 ಲೀಟರ್ ಜಾಸ್ತಿ ಬೇಕು. ಹೆದರಬೇಕಾದ ಮೊತ್ತವೇನಲ್ಲ. ಮುಂದೆ ಸಿಎನ್‌ಜಿ ಯೋಚನೆ ಇದ್ದರೆ ಮಾತ್ರ ಈಗಲೇ ವಿಚಾರಿಸಿ. ಫ್ರಾಂಕ್ಸ್‌ನಲ್ಲಿ ಸಿಎನ್‌ಜಿ ಸಿಗುವುದು 1.2ಕ್ಕೆ ಮಾತ್ರ. ಟಾಟಾ ನೆಕ್ಸಾನ್‌ನಲ್ಲಿ ಟರ್ಬೊಗೇ ಸಿಎನ್‌ಜಿ ಇದೆ.

ನಿಮ್ಮ ಬಾಮೈದನ ಮಾತಿಗೆ ಬರುತ್ತೇನೆ. ಐದು ವರ್ಷಕ್ಕೆ ಟರ್ಬೊ ಹೋಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ರಸ್ತೆಗಳಲ್ಲಿ ಓಡುವ ಡೀಸೆಲ್ ಟ್ಯಾಕ್ಸಿ, ಲಾರಿ, ಬಸ್ಸುಗಳಲ್ಲಿ ಟರ್ಬೊ ಬಂದು ಎಷ್ಟೋ ವರ್ಷವಾಯಿತು, ಲಕ್ಷಗಟ್ಟಲೆ ಕಿಲೋಮೀಟರ್ ಓಡಿವೆ. ಆದರೂ ಅವರ ಭಯದಲ್ಲಿ ಸ್ವಲ್ಪ ನಿಜ ಇದೆ. ಪೆಟ್ರೋಲ್ ಎಂಜಿನ್‌ನ ಹೊಗೆ ಡೀಸೆಲ್‌ಗಿಂತ ಬಿಸಿ, ಜೋರಾಗಿ ಓಡುವಾಗ 900 ಡಿಗ್ರಿ ಹತ್ತಿರ ಹೋಗುತ್ತದೆ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಅಷ್ಟು ಶಾಖದಲ್ಲಿ, ಅಷ್ಟು ವೇಗದಲ್ಲಿ ಅದನ್ನು ಕಾಪಾಡುವುದು ತೆಳ್ಳನೆಯ ಆಯಿಲ್ ಪದರ ಒಂದೇ. ಹಾಗಾಗಿ ಟರ್ಬೊ ಕಾರಿನಲ್ಲಿ ಆಯಿಲ್ ಬದಲಾಯಿಸುವುದನ್ನು ಮುಂದೂಡುವ ಹಾಗಿಲ್ಲ. ಕಾರಿನ ಮ್ಯಾನುಯಲ್ ಪುಸ್ತಕದಲ್ಲಿ ಹೇಳಿದ ಗ್ರೇಡ್ ಬಿಟ್ಟು ಅಗ್ಗದ ಆಯಿಲ್ ಹಾಕಿಸುವ ಹಾಗೂ ಇಲ್ಲ. ಸರ್ವಿಸ್ ವಿಷಯದಲ್ಲಿ ನೀವು ಕಟ್ಟುನಿಟ್ಟಿನವರಾದರೆ ಆ ಭಯ ಬೇಡ. ‘ಇನ್ನೊಂದೆರಡು ಸಾವಿರ ಓಡಲಿ ಬಿಡು’ ಅನ್ನುವ ಸ್ವಭಾವ ಇದ್ದರೆ ಮಾಮೂಲಿ ಎಂಜಿನ್ ತಾಳಿಕೊಳ್ಳುತ್ತದೆ, ಟರ್ಬೊ ತಾಳಿಕೊಳ್ಳುವುದಿಲ್ಲ.

ಈಗ ಪರೀಕ್ಷೆ. ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಿ ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಏನೂ ಗೊತ್ತಾಗುವುದಿಲ್ಲ. ಮನೆಯವರನ್ನೆಲ್ಲ ಕೂರಿಸಿಕೊಳ್ಳಿ, ಎಸಿ ಹಾಕಿ. ದೇವರಾಯನದುರ್ಗದ ಏರು ಊರಿಂದ ಹದಿನೈದು ಕಿಲೋಮೀಟರ್. ಅಲ್ಲಿಗೆ ಕೊಡಿ ಅಂತ ಕೇಳಿ. ಇಷ್ಟು ದುಡ್ಡು ಕೊಡುವವರಿಗೆ ಅದನ್ನು ಕೇಳುವ ಹಕ್ಕಿದೆ, ಸಂಕೋಚ ಬೇಡ. ಏರಿನಲ್ಲಿ ಎರಡನೇ ಗೇರ್, 20ರ ವೇಗದಿಂದ ಕಾರು ಹೇಗೆ ಎತ್ತಿಕೊಳ್ಳುತ್ತದೆ ನೋಡಿ. ವಾಪಸ್ ಬರುವಾಗ ಖಾಲಿ ನೇರ ರಸ್ತೆಯಲ್ಲಿ ಮೂರನೇ ಗೇರಲ್ಲಿ 40ರಿಂದ 80ಕ್ಕೆ ಹೋಗಿ ನೋಡಿ. ಎರಡೂ ಎಂಜಿನ್‌ನಲ್ಲಿ ಇದನ್ನೇ ಮಾಡಿ. 1.2ರಲ್ಲಿ ನಿಮಗೆ ಧೈರ್ಯ ಬಂದರೆ ಅದನ್ನೇ ಬುಕ್ ಮಾಡಿ, ಉಳಿದ ದುಡ್ಡಿಗೆ ಸುರಕ್ಷತೆ ಜಾಸ್ತಿ ಇರುವ ಮೇಲಿನ ಮಾಡೆಲ್ ತಗೊಳ್ಳಿ. ಹಿಂದಿಕ್ಕುವಾಗ ಎದೆ ಡವಗುಟ್ಟುತ್ತದೆ ಅನ್ನಿಸಿದರೆ ನನ್ನ ಸಲಹೆ ಪಕ್ಕಕ್ಕಿಟ್ಟು ಟರ್ಬೊ ತಗೊಳ್ಳಿ. ಸ್ಟೇರಿಂಗ್ ಹಿಡಿಯುವವರು ನೀವು.

ಪ್ರಶ್ನೆ: ನಾನು ಕೋಲಾರದವಳು, ಕೆಲಸ ಬೆಂಗಳೂರಿನಲ್ಲಿ. ಐದು ವರ್ಷ ಹಳೆಯ, 70,000 ಕಿಲೋಮೀಟರ್ ಓಡಿದ ಟರ್ಬೊ ಪೆಟ್ರೋಲ್ ಆಟೊಮ್ಯಾಟಿಕ್ ಕಾರು ಒಳ್ಳೆ ಬೆಲೆಗೆ ಬಂದಿದೆ. ತಗೊಳ್ಳಬಹುದಾ? ಏನೇನು ನೋಡಬೇಕು?

ಉತ್ತರ: ತಗೊಳ್ಳಬಹುದು, ಆದರೆ ಸರ್ವಿಸ್ ದಾಖಲೆ ಇದ್ದರೆ ಮಾತ್ರ. ದಾಖಲೆ ಇಲ್ಲದ ಹಳೆ ಟರ್ಬೊ ಕಾರು ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. 70,000 ಓಡಿದೆ ಅಂದರೆ ಕನಿಷ್ಠ ಆರೇಳು ಸಲ ಆಯಿಲ್ ಬದಲಾಗಿರಬೇಕು. ಬಿಲ್ಲುಗಳಲ್ಲಿ ದಿನಾಂಕ ಮತ್ತು ಕಿಲೋಮೀಟರ್ ಎರಡನ್ನೂ ನೋಡಿ.

ಬೆಳಿಗ್ಗೆ ಹೋಗಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಸ್ಟಾರ್ಟ್ ಆದ ತಕ್ಷಣ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಓಡಿಸುವಾಗ ಆಕ್ಸಿಲರೇಟರ್ ಒತ್ತಿದಂತೆ ಸೈರನ್ ಥರ ಏರುವ ಕೂಗು ಕೇಳಿದರೆ ಟರ್ಬೊ ಬೇರಿಂಗ್ ಸವೆದಿರಬಹುದು. ಸಣ್ಣ ಶಿಳ್ಳೆ ಮಾಮೂಲು. ಇಂಟರ್‌ಕೂಲರ್ ಪೈಪ್ ಬಿಚ್ಚಿಸಿ ನೋಡಿ, ಒಳಗೆ ಆಯಿಲ್ ಪಸೆ ಇದ್ದರೆ ಪರವಾಗಿಲ್ಲ, ನಿಂತಿದ್ದರೆ ಬಿಟ್ಟುಬಿಡಿ.

ನನಗೆ ಟರ್ಬೊಗಿಂತ ಜಾಸ್ತಿ ಯೋಚನೆ ನಿಮ್ಮ ಗೇರ್‌ಬಾಕ್ಸಿನದು. ಅದು ಡ್ಯುಯಲ್ ಕ್ಲಚ್, ಅಂದರೆ ಎರಡು ಕ್ಲಚ್ ಸರದಿಯಲ್ಲಿ ಗೇರ್ ಬದಲಾಯಿಸುವ ಥರದ್ದು ಆಗಿದ್ದರೆ, ಹೊಸಕೋಟೆ, ಕೆ.ಆರ್. ಪುರದ ಜಾಮ್‌ನಲ್ಲಿ ಅದರ ಕ್ಲಚ್ ಬಿಸಿಯಾಗಿ ಬೇಗ ಸವೆಯುತ್ತದೆ. ಜಾಮ್‌ನಲ್ಲಿ ಅರ್ಧ ಗಂಟೆ ಓಡಿಸಿ, ಬ್ರೇಕ್ ಬಿಟ್ಟು ತೆವಳುವಾಗ ನಡುಕ ಬರುತ್ತದಾ ನೋಡಿ. ಬಂದರೆ ಕ್ಲಚ್ ಸೆಟ್‌ನ ಬೆಲೆಯನ್ನು ಸರ್ವಿಸ್ ಸೆಂಟರ್‌ನಲ್ಲಿ ಕೇಳಿಕೊಂಡು ಅಷ್ಟನ್ನು ಕಾರಿನ ಬೆಲೆಯಲ್ಲಿ ಕಡಿಮೆ ಮಾಡಿಸಿ. ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಆಗಿದ್ದರೆ ಈ ತಲೆನೋವು ಬಹಳ ಕಮ್ಮಿ.

ಪ್ರಶ್ನೆ: ಚಿಕ್ಕಬಳ್ಳಾಪುರದಿಂದ ಬರೆಯುತ್ತಿದ್ದೇನೆ. ಹೊಸ ಟರ್ಬೊ ಕಾರು ಇದೆ. ಕಾರು ನಿಲ್ಲಿಸಿದ ಮೇಲೆ ಒಂದು ನಿಮಿಷ ಆಫ್ ಮಾಡದೆ ಇಡಬೇಕು ಅಂತ ಸ್ನೇಹಿತರು ಹೇಳುತ್ತಾರೆ. ನಿಜವಾ?

ಉತ್ತರ: ದಿನಾ ಬೇಡ. ಮಾರ್ಕೆಟ್ಟಿಗೆ ಹೋಗಿ ಮನೆಗೆ ಬಂದಾಗ ಸುಮ್ನೆ ಪೆಟ್ರೋಲ್ ದಂಡ. ನಂದಿಬೆಟ್ಟ ಹತ್ತಿದಾಗ, ಇಲ್ಲವೇ ಹೈವೇಯಲ್ಲಿ ಜೋರಾಗಿ ಬಂದು ಒಮ್ಮೆಲೇ ಹೋಟೆಲ್ ಮುಂದೆ ನಿಲ್ಲಿಸಿದಾಗ ಮಾತ್ರ ಅರ್ಧದಿಂದ ಒಂದು ನಿಮಿಷ ಬಿಡಿ. ಎಂಜಿನ್ ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ. ಟರ್ಬೊ ಆಗ ಕಾದ ಕಬ್ಬಿಣ, ಒಳಗೆ ಉಳಿದ ಆಯಿಲ್ ಸೀದು ಕರಿ ಕಟ್ಟುತ್ತದೆ. ವರ್ಷಗಟ್ಟಲೆ ಹೀಗಾದರೆ ಆಯಿಲ್ ಹರಿಯುವ ದಾರಿ ಕಟ್ಟಿಕೊಳ್ಳುತ್ತದೆ. ಬೆಟ್ಟದ ಮೇಲೆ ಪಾರ್ಕಿಂಗ್ ಹುಡುಕುತ್ತಾ ನಿಧಾನಕ್ಕೆ ಸುತ್ತಿದ್ದರೆ ಅಷ್ಟರಲ್ಲೇ ತಣ್ಣಗಾಗಿರುತ್ತದೆ, ಬೇರೆ ಕಾಯಬೇಕಿಲ್ಲ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಆದ ಮೇಲೂ ಟರ್ಬೊಗೆ ಕೂಲೆಂಟ್ ಹರಿಸುವ ಪಂಪ್ ಇರುತ್ತದೆ, ನಿಮ್ಮ ಮ್ಯಾನುಯಲ್ ನೋಡಿ. ಸಿಗ್ನಲ್‌ನಲ್ಲಿ ತಾನಾಗಿಯೇ ಎಂಜಿನ್ ನಿಲ್ಲಿಸುವ ವ್ಯವಸ್ಥೆ ಇದ್ದರೆ ಬೆಟ್ಟ ಹತ್ತುವ ಮುಂಚೆ ಅದರ ಬಟನ್ ಒತ್ತಿ ಆಫ್ ಮಾಡಿಕೊಳ್ಳಿ. ಇಳಿಯುವಾಗ ನ್ಯೂಟ್ರಲ್ ಹಾಕಬೇಡಿ. ಎರಡನೇ ಗೇರಲ್ಲಿ ಇಳಿದರೆ ಎಂಜಿನ್ನೇ ವೇಗ ಹಿಡಿದಿಡುತ್ತದೆ, ಬ್ರೇಕ್ ಕಾಯುವುದಿಲ್ಲ.